ಕೈ ಜೊತೆ ಬಂದ ಕಸುಬು

(ಉಡುಪಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದರ ಬರಹ ರೂಪ. ಆ ದಿನ ಸಮಯ ಸಾಲದೆ ಬಿಟ್ಟದ್ದನ್ನು ಕೆಲವು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಬ್ಯಾಂಕಿನಲ್ಲಿ ದುಡಿದವನು. ದಕ್ಷಿಣ ಕನ್ನಡ, ಉಡುಪಿ ಇನ್ನೂ ಒಂದೇ ಜಿಲ್ಲೆ ಆಗಿದ್ದ ಕಾಲದಿಂದ ಮೂವತ್ತು ವರ್ಷಕ್ಕಿಂತ ಜಾಸ್ತಿ ಇಲ್ಲಿನ ಹಳ್ಳಿ, ಪೇಟೆಯ ಶಾಖೆಗಳಲ್ಲಿದ್ದೆ. ಕೌಂಟರಿನಲ್ಲಿ ಕೂತವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗುತ್ತದೆ. ಊರಿನ ದುಡ್ಡು ಯಾರ ಬೆವರಿನಿಂದ ಹುಟ್ಟುತ್ತದೆ, ಯಾರ ಹೆಸರಿನಲ್ಲಿ ಜಮೆ ಆಗುತ್ತದೆ ಅನ್ನುವುದು. ಈ ಎರಡು ಹೆಸರು ಯಾವಾಗಲೂ ಒಂದೇ ಆಗಿರುವುದಿಲ್ಲ.

ಹೊರಗಿನಿಂದ ದುಡಿಯಲು ಬಂದವರ ಬಗ್ಗೆ ಮಾತಾಡಿ ಅಂತ ನಿಮ್ಮ ಸರ್ ಕೇಳಿದಾಗ ನನಗೆ ಮೊದಲು ನೆನಪಾದದ್ದು ಸುಳ್ಯದ ಕಡೆಯ ಒಂದು ಬೆಳಗಿನ ಜಾವ.

1985ರ ಸುಮಾರು. ರಬ್ಬರ್ ತೋಟಕ್ಕೆ ಸಾಲ ಕೇಳಿದ್ದ ಕೃಷಿಕರೊಬ್ಬರು, "ತೋಟ ನೋಡುವುದಾದರೆ ಐದು ಗಂಟೆಗೆ ಬನ್ನಿ. ಹತ್ತಕ್ಕೆ ಬಂದರೆ ಬರೀ ಮರ ಕಾಣುತ್ತದೆ" ಅಂದರು. ಹೋದೆ. ಇನ್ನೂ ಕತ್ತಲು. ಮರಗಳ ನಡುವೆ ಒಂದು ಸಣ್ಣ ಬೆಳಕು ಓಡಾಡುತ್ತಿತ್ತು. ಹತ್ತಿರ ಹೋದರೆ ನಡುವಯಸ್ಸಿನ ಒಬ್ಬ ಹೆಂಗಸು. ಹಣೆಗೆ ದೀಪ, ಕೈಯಲ್ಲಿ ಬಾಯಿ ಬಾಗಿದ ಸಣ್ಣ ಕತ್ತಿ. ಮರದ ಮುಂದೆ ನಿಂತು, ಎಡದಿಂದ ಬಲಕ್ಕೆ ಇಳಿಜಾರಾಗಿ ತೊಗಟೆಯ ಒಂದು ಎಳೆ ತೆಗೆದರು. ಬಿಳಿ ಹಾಲು ಆ ಗೀರಿನ ಉದ್ದಕ್ಕೂ ಹರಿದು ಗೆರಟೆಗೆ ಬೀಳತೊಡಗಿತು. ಅಷ್ಟರಲ್ಲಿ ಅವರು ಮೂರನೇ ಮರದಲ್ಲಿದ್ದರು.

ಟ್ಯಾಪಿಂಗ್ ಸುಲಭ ಅಂತ ನೋಡಿದವರಿಗೆ ಅನಿಸುತ್ತದೆ. ಹಾಗಲ್ಲ. ಕತ್ತಿ ಮೇಲೆಯೇ ಉಳಿದರೆ ಹಾಲು ಸರಿಯಾಗಿ ಬರುವುದಿಲ್ಲ. ಸ್ವಲ್ಪ ಆಳಕ್ಕೆ ಹೋಗಿ ಒಳಗಿನ ಎಳೆ ಪದರಕ್ಕೆ ತಾಗಿದರೆ ಅಲ್ಲಿ ಗಂಟು ಕಟ್ಟುತ್ತದೆ. ಆ ಜಾಗದಲ್ಲಿ ಹೊಸ ತೊಗಟೆ ನುಣ್ಣಗೆ ಬೆಳೆಯುವುದೇ ಇಲ್ಲ, ಮುಂದೆ ಗೀರು ಹಾಕಲಿಕ್ಕೂ ಆಗುವುದಿಲ್ಲ. ಏಳು ವರ್ಷ ಕಾದು ಬೆಳೆಸಿದ ಮರ ಒಂದು ಒರಟು ಕೈಯಿಂದ ಹಾಳಾಗುತ್ತದೆ. ಬಿಸಿಲು ಏರಿದರೆ ಮರದೊಳಗಿನ ಒತ್ತಡ ಇಳಿದು ಹಾಲು ಕಡಿಮೆಯಾಗುತ್ತದೆ. ಅದಕ್ಕೇ ಕತ್ತಲಲ್ಲಿ ಕೆಲಸ. ಒಬ್ಬರು ಒಂದು ಬೆಳಿಗ್ಗೆ ಮುನ್ನೂರು, ನಾನೂರು ಮರ ಮಾಡಬೇಕು. ಆಮೇಲೆ ಅಷ್ಟೂ ಗೆರಟೆಯ ಹಾಲು ಒಟ್ಟು ಮಾಡಿ, ಆಸಿಡ್ ಹಾಕಿ ಗಟ್ಟಿ ಮಾಡಿ, ಮೆಷಿನ್‌ನಲ್ಲಿ ಒತ್ತಿ ಶೀಟು ತೆಗೆದು, ಹೊಗೆಗೂಡಿನಲ್ಲಿ ಒಣಗಿಸಬೇಕು.

"ಇದನ್ನು ಎಲ್ಲಿ ಕಲಿತಿರಿ?" ಅಂತ ಕೇಳಿದೆ. ಕತ್ತಿ ನಿಲ್ಲಿಸದೆ "ಸಿಲೋನ್, ಸಾರ್" ಅಂದರು.

ಆ ಒಂದು ಮಾತಿನ ಹಿಂದೆ ನೂರು ವರ್ಷಕ್ಕೂ ಮೀರಿದ ಕತೆ ಇದೆ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬಡ ಕುಟುಂಬಗಳನ್ನು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಕಾಫಿ, ಟೀ, ರಬ್ಬರ್ ಎಸ್ಟೇಟುಗಳಿಗೆ ಕರೆದೊಯ್ದರು. ಅವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಹುಟ್ಟಿದರು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದ ಮಾಡಿಕೊಂಡರು. 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡುವುದು ಅಂತ. ಮನುಷ್ಯರನ್ನು ಹೀಗೆ ಲೆಕ್ಕ ಹಾಕಿ ಹಂಚಿಕೊಂಡದ್ದು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು.

ಊರಿನವರು ಅವರನ್ನು ನಿರಾಶ್ರಿತರು ಅನ್ನುತ್ತಿದ್ದರು. ಪಾಪ, ಸರ್ಕಾರ ಜಾಗ ಕೊಟ್ಟಿತು ಅನ್ನುತ್ತಿದ್ದರು. ಅವರು ಏನು ತಂದರು ಅಂತ ಯಾರೂ ಕೇಳಲಿಲ್ಲ. ರಬ್ಬರ್ ಮರ ನೆಡುವುದಕ್ಕೆ ಗುಂಡಿ ತೋಡುವವರು ಸಾಕು. ಹಾಲು ತೆಗೆಯಲು ಮಾತ್ರ ಕೈ ಪಳಗಿರಬೇಕು. ಆ ಕೈ ಕಡಲು ದಾಟಿ ಬಂತು.

ಅವರಿಗಿಂತ ಮೊದಲೇ ತಿರುವಾಂಕೂರು ಕಡೆಯಿಂದ ಮಲಯಾಳಿ ಕೃಷಿಕರು ಬೆಳ್ತಂಗಡಿ, ಪುತ್ತೂರು, ಸುಳ್ಯಗಳಿಗೆ ಬಂದು ಗುಡ್ಡ ಕೊಂಡಿದ್ದರು. ನಮ್ಮವರು ಸೊಪ್ಪಿಗೆ, ಮುಳಿಹುಲ್ಲಿಗೆ, ದನ ಮೇಯಿಸಲು ಬಿಟ್ಟಿದ್ದ ಗುಡ್ಡಗಳು ಅವು. ಅಲ್ಲಿ ಅವರು ಮರಗೆಣಸು ನೆಟ್ಟು ಹೊಟ್ಟೆ ಹೊರೆದುಕೊಂಡು, ಜೊತೆಗೆ ರಬ್ಬರ್ ಬೆಳೆಸಿದರು. ಅದನ್ನು ನೋಡಿ ನಮ್ಮವರೂ ಹಾಕಿದರು. ಅಡಿಕೆಗೆ ರೇಟು ಬಿದ್ದ ವರ್ಷಗಳಲ್ಲಿ ಎಷ್ಟೋ ಮನೆಗಳ ಸಾಲದ ಕಂತು ರಬ್ಬರ್ ಶೀಟಿನಿಂದ ಕಟ್ಟಿದ್ದು ಅಂತ ನಾನು ಲೆಡ್ಜರ್ ನೋಡಿ ಹೇಳಬಲ್ಲೆ.

ನಾನು ಇವತ್ತು ಹೇಳಬೇಕೆಂದಿರುವುದು ಇದೇ. ದುಡಿಯಲು ಬಂದವರನ್ನು ನಾವು "ಕೈ" ಅಂತ ಎಣಿಸುತ್ತೇವೆ. ಹತ್ತು ಕೈ ಬೇಕು, ಇಪ್ಪತ್ತು ಜನ ಬೇಕು ಅನ್ನುತ್ತೇವೆ. ಕೈ ಒಂದೇ ಬರುವುದಿಲ್ಲ. ಅದರೊಳಗೆ ಒಂದು ಕಸುಬು ಇರುತ್ತದೆ. ಕರಾವಳಿಯ ಸಂಪತ್ತಿನಲ್ಲಿ ಆ ಕಸುಬಿನ ಪಾಲು ದೊಡ್ಡದು, ಅದಕ್ಕೆ ಸಿಕ್ಕ ಲೆಕ್ಕ ಮಾತ್ರ ಸಣ್ಣದು.

ಇದು ಈಗಿನದೂ ಅಲ್ಲ. ಗೋವಾದಿಂದ ಬಂದ ಕೊಂಕಣಿಗರು ಇಲ್ಲದ ಮಂಗಳೂರು ಪೇಟೆಯನ್ನು ಯೋಚಿಸಲು ಆಗುತ್ತದಾ? 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಧರ್ಮ ಪ್ರಚಾರಕ್ಕೆ ಬಂದವರೇ. ಆದರೆ ಮತಾಂತರವಾದವರು ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಂಡಾಗ ಅವರಿಗೆ ಅನ್ನದ ದಾರಿ ಹುಡುಕಬೇಕಾಯಿತು. ಅದರಿಂದ ನೇಯ್ಗೆ, ಮುದ್ರಣ, ಹಂಚು ಬಂದವು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಇದೇ ಊರಿನಲ್ಲಿ ಅಚ್ಚಾಯಿತು, ಕನ್ನಡದ ಮೊದಲ ಪತ್ರಿಕೆ. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಫಲ್ಗುಣಿಯ ದಂಡೆಯ ಆವೆಮಣ್ಣು ಮೊದಲೂ ಇತ್ತು. ಅದನ್ನು ಅಚ್ಚಿನಲ್ಲಿ ಒತ್ತಿ, ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಹಂಚು ಮಾಡುವ ವಿದ್ಯೆ ಹೊರಗಿನಿಂದ ಬಂತು. ಇಲ್ಲಿನ ಹೆಂಗಸರು, ಗಂಡಸರು ಅದನ್ನು ಕಲಿತರು. ಮುಂದೆ ಇಲ್ಲಿಯವರೇ ಎಷ್ಟೋ ಕಾರ್ಖಾನೆ ಕಟ್ಟಿದರು. ಹಂಚಿಗೆ ಊರಿನ ಹೆಸರೇ ನಿಂತಿತು.

ಇನ್ನು ನಾವು. ನಾವೂ ಹೋದವರಲ್ವಾ?

ನನ್ನ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಮುಂಬೈಗೆ ಹೋದರು. ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ. ರಾತ್ರಿ ಮೇಜು ಒರೆಸಿ, ಅದರ ಮೇಲೇ ಮಲಗುವುದು. ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದರು. ತಿಂಗಳಿಗೊಮ್ಮೆ ಮನಿಯಾರ್ಡರ್ ಬರುತ್ತಿತ್ತು. ನಮ್ಮ ಮನೆಯ ಮುಳಿ ಮಾಡು ಹಂಚಾದದ್ದು ಆ ದುಡ್ಡಿನಿಂದ. 1942ರಲ್ಲಿ ಮಾಟುಂಗಾದಲ್ಲಿ ರಾಮ ನಾಯಕರು ಊಟದ ಮನೆ ತೆರೆದರು, ಇವತ್ತಿಗೂ ಅಲ್ಲಿ ಜನ ಸಾಲು ನಿಲ್ಲುತ್ತಾರೆ. ಉಡುಪಿ ಹೋಟೆಲ್ ಅಂದರೆ ದೇಶಕ್ಕೇ ಗೊತ್ತು. ಅದನ್ನು ಕಟ್ಟಿದವರು ಮುಂಬೈಗೆ ಹೊರಗಿನವರೇ. ನಾವು ಅಲ್ಲಿ ಬರೀ ಲೋಟ ತೊಳೆದೆವು ಅಂತ ಯಾರಾದರೂ ಹೇಳಿದರೆ ನಮಗೆ ಒಪ್ಪಿಗೆ ಆಗುತ್ತದಾ? ದೋಸೆ ಕೊಟ್ಟೆವು, ಶುಚಿ ಕೊಟ್ಟೆವು, ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುವ ಒಂದು ರೀತಿ ಕೊಟ್ಟೆವು ಅನ್ನುತ್ತೇವೆ. ನಿಜವೇ.

ಹಾಗಾದರೆ ಇಲ್ಲಿ ಕೆಲಸಕ್ಕೆ ಜನ ಯಾಕೆ ಬೇಕಾದರು? ಯಾವ ತೋಟಕ್ಕೆ ಹೋದರೂ "ಬೇಲೆಗ್ ಜನ ಇಜ್ಜಿ", ಕೆಲಸಕ್ಕೆ ಜನ ಇಲ್ಲ ಅನ್ನುವ ಮಾತು ಕೇಳುತ್ತದೆ. ಇದಕ್ಕೆ ಕಾರಣ ನಮ್ಮವರ ಸೋಮಾರಿತನ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1974ರ ಭೂಸುಧಾರಣೆ ನಮ್ಮ ಜಿಲ್ಲೆಯಲ್ಲಿ ನಿಜವಾಗಿ ಜಾರಿಯಾಯಿತು. ಗೇಣಿಗೆ ದುಡಿಯುತ್ತಿದ್ದವರಿಗೆ ಡಿಕ್ಲರೇಶನ್‌ನಲ್ಲಿ, ಅಂದರೆ ತಾವು ದುಡಿದ ಜಾಗಕ್ಕೆ ಅರ್ಜಿ ಕೊಟ್ಟು, ಜಾಗ ಬಂತು. ಮಕ್ಕಳು ಶಾಲೆಗೆ ಹೋದರು. ಬ್ಯಾಂಕಿಗೆ, ಮುಂಬೈಗೆ, ಆಮೇಲೆ ಗಲ್ಫಿಗೆ ಹೋದರು. ಅಪ್ಪ ಧಣಿಯ ಗದ್ದೆಯಲ್ಲಿ ಬಗ್ಗಿದ್ದನ್ನು ನೋಡಿದ ಮಗ ಬೇರೆ ಕೆಲಸ ಹುಡುಕಿದ. ಅದು ತಪ್ಪಲ್ಲ, ಅದು ಆಗಬೇಕಾದದ್ದೇ. ಹಾಗೆ ಅವನು ಬಿಟ್ಟುಹೋದ ಜಾಗದಲ್ಲಿ ಈಗ ಕೊಪ್ಪಳದವರು, ಮುರ್ಷಿದಾಬಾದಿನವರು, ಜಾರ್ಖಂಡಿನವರು ನಿಂತಿದ್ದಾರೆ.

ಒಂದು ಮನೆ ಕಟ್ಟುವುದನ್ನೇ ನೋಡಿ. ಪಾಯ ತೋಡುವವರು, ಕೆಂಪುಕಲ್ಲು ಇಳಿಸುವವರು ಹೆಚ್ಚಾಗಿ ಘಟ್ಟದ ಮೇಲಿನವರು, ಬಾಗಲಕೋಟೆ, ಗದಗ, ಕೊಪ್ಪಳದವರು. ಸೆಂಟ್ರಿಂಗ್‌ಗೆ, ಕಂಬಿ ಕಟ್ಟಲಿಕ್ಕೆ ಬಂಗಾಳ, ಬಿಹಾರದವರು. ಮಾರ್ಬಲ್ ಕೂರಿಸಲು ರಾಜಸ್ಥಾನದವರು. ಬೇರೆ ರಾಜ್ಯದಿಂದ ಬಂದ ಎಲ್ಲರನ್ನೂ ಸೇರಿಸಿ ನಾವು "ಹಿಂದಿಯವರು" ಅಂದುಬಿಡುತ್ತೇವೆ. ಬಂಗಾಳದವನ ಮನೆಮಾತು ಹಿಂದಿ ಅಲ್ಲ, ಒಡಿಶಾದವನದೂ ಅಲ್ಲ. ಅವರು ನಮ್ಮ ಜೊತೆ ಮಾತಾಡಲು ಮಧ್ಯದಲ್ಲಿ ಒಂದು ಭಾಷೆ ಇಟ್ಟುಕೊಂಡಿದ್ದಾರೆ ಅಷ್ಟೇ.

ಆ ಮನೆಯಿಂದ ಯಾರೆಲ್ಲ ಬದುಕುತ್ತಾರೆ ಅಂತ ನೋಡಿ. ಕಲ್ಲಿನ ಲಾರಿ ಓಡಿಸುವವನು ಊರಿನವನು. ಇಂಜಿನಿಯರ್ ಊರಿನವಳು. ಹಾರ್ಡ್‌ವೇರ್ ಅಂಗಡಿ ಊರಿನವರದು. ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೂತವರೂ ಊರಿನವರೇ. ಸೆಂಟ್ರಿಂಗ್ ನಿಂತರೆ ಇವರೆಲ್ಲರ ಕೆಲಸವೂ ನಿಲ್ಲುತ್ತದೆ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. 2020ರಲ್ಲಿ ಕಣ್ಣಾರೆ ನೋಡಿದೆವು. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಮೇ ತಿಂಗಳಲ್ಲಿ ಶ್ರಮಿಕ್ ರೈಲುಗಳಲ್ಲಿ ಅವರು ಊರಿಗೆ ಹೊರಟರು. ಆಮೇಲೆ ಸಿಮೆಂಟು ಸಿಗುತ್ತಿತ್ತು, ಕಲ್ಲು ಸಿಗುತ್ತಿತ್ತು, ಸಾಲವೂ ಸಿಗುತ್ತಿತ್ತು. ಕಂಬಿ ಕಟ್ಟುವವರಿಲ್ಲದೆ ಕಂಬಗಳು ಮಳೆಗೆ ನೆನೆಯುತ್ತಾ ನಿಂತವು. ನನ್ನ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿ, "ಅಂಗಡಿ ತೆರೆದಿದ್ದೇನೆ, ಮೊಳೆ ಕೊಳ್ಳುವವರೂ ಇಲ್ಲ" ಅಂದರು.

ಅವರು ದುಡಿದದ್ದೆಲ್ಲ ಊರಿಗೆ ಕಳಿಸುತ್ತಾರೆ, ಇಲ್ಲೇನು ಉಳಿಯುತ್ತದೆ ಅಂತ ಕೇಳುವವರಿದ್ದಾರೆ. ಕಳಿಸುತ್ತಾರೆ. ನನ್ನ ದೊಡ್ಡಪ್ಪನೂ ಕಳಿಸಿದರು. ಆದರೆ ತಿನ್ನುವುದು ಇಲ್ಲಿ, ಬಾಡಿಗೆ ಕಟ್ಟುವುದು ಇಲ್ಲಿ, ಮೊಬೈಲ್ ರೀಚಾರ್ಜ್, ಔಷಧಿ, ಭಾನುವಾರದ ಕೋಳಿ ಎಲ್ಲ ಇಲ್ಲಿ. ನನ್ನ ಶಾಖೆಯಲ್ಲಿ ಒಬ್ಬ ವಿಧವೆ ಇದ್ದರು. ಡಿಕ್ಲರೇಶನ್‌ನಲ್ಲಿ ಬಂದ ಸ್ವಲ್ಪ ಜಾಗ, ಅದರಲ್ಲಿ ನಾಲ್ಕು ರೂಮು ಕಟ್ಟಿಸಿ ಬಂಗಾಳದ ಹುಡುಗರಿಗೆ ಬಾಡಿಗೆಗೆ ಕೊಟ್ಟರು. ಆ ಬಾಡಿಗೆಯಿಂದ ಮಗಳನ್ನು ನರ್ಸಿಂಗ್ ಓದಿಸಿದರು. ಮಗಳು ಈಗ ಹೊರದೇಶದಲ್ಲಿದ್ದಾಳೆ, ತಾಯಿಗೆ ದುಡ್ಡು ಕಳಿಸುತ್ತಾಳೆ.

ಮಲ್ಪೆಯ ಬಗ್ಗೆ ಸ್ವಲ್ಪ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಬಂದರಿಗೆ ಹೋದರೆ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಕೆಲಸದವರು ಊರಿಗೆ ಹೋಗಿರುತ್ತಾರೆ. ಆಗಸ್ಟ್ ಹತ್ತಿರ ಬಂದ ಹಾಗೆ ಬೋಟಿನ ಮಾಲೀಕರಿಗೆ ಎರಡು ಚಿಂತೆ. ಒಂದು ಗಾಳಿ, ಇನ್ನೊಂದು ಜನ. ಉತ್ತರ ಕನ್ನಡ, ಆಂಧ್ರ, ಒಡಿಶಾ, ಜಾರ್ಖಂಡಿನಿಂದ ಅವರು ಬಂದಿಳಿದ ಮೇಲೆಯೇ ಆಳಸಮುದ್ರದ ಬೋಟುಗಳು ಹೊರಡುವುದು. ಹತ್ತು ದಿನ ನೆಲ ಕಾಣದೆ ಕಡಲಿನಲ್ಲಿರಬೇಕು. ಬಲೆ ಎಳೆಯಬೇಕು, ಮೀನು ಬೇರೆ ಮಾಡಿ ಐಸ್‌ನಲ್ಲಿ ಜೋಡಿಸಬೇಕು. ಆ ಜೋಡಣೆ ಸರಿ ಇಲ್ಲದಿದ್ದರೆ ದಡಕ್ಕೆ ಬರುವಷ್ಟರಲ್ಲಿ ಮೀನಿನ ರೇಟು ಅರ್ಧ. ಇಲ್ಲಿ ಹರಾಜಾಗುವ ಅಂಜಲ್, ಬೂತಾಯಿ, ಬಂಗುಡೆಯ ಹಿಂದೆ ಎಷ್ಟು ಊರಿನ ಕೈಗಳಿವೆ ಅಂತ ತಿನ್ನುವಾಗ ನಮಗೆ ಹೊಳೆಯುವುದಿಲ್ಲ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಜನರ ಜೊತೆ ಕಾಣೆಯಾಯಿತು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಏಳರಲ್ಲಿ ಐವರು ಉತ್ತರ ಕನ್ನಡದವರು. ಮುಂದಿನ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಕಡಲ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು, ಜನ ಸಿಗಲಿಲ್ಲ. ನಮ್ಮ ಬಂದರಿನ ದುಡಿಮೆಗೆ ಅವರ ಮನೆಗಳು ಕೊಟ್ಟದ್ದು ಏನು ಅಂತ ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಕೂಲಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲೊಂದು ನಿಜವಾದ ದೂರು ಇದೆ. ಹೊರಗಿನವರು ಕಡಿಮೆ ಸಂಬಳಕ್ಕೆ ಬರುತ್ತಾರೆ, ನಮ್ಮ ಮೇಸ್ತ್ರಿಗೆ ಕೆಲಸ ತಪ್ಪುತ್ತದೆ ಅಂತ. ಕೆಲವು ಕಡೆ ಹಾಗಾಗಿದೆ. ಐವತ್ತು ದಾಟಿದ ನಮ್ಮ ಗಾರೆ ಕೆಲಸದವರು ಮನೆಯಲ್ಲಿ ಕೂತದ್ದನ್ನು ನೋಡಿದ್ದೇನೆ, ಅವರ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ಆದರೆ ಕಡಿಮೆ ಕೂಲಿ ನಿಗದಿ ಮಾಡಿದವರು ಯಾರು? ಬಂದವರಲ್ಲ, ಕರೆಸಿದವರು. ಅವರು ಇಲ್ಲಿಯವರೇ. ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತಾದರೆ ಊರಿನ ಮೇಸ್ತ್ರಿಯ ಅನುಭವಕ್ಕೂ ಬೆಲೆ ಬರುತ್ತದೆ, ಬಂದವನ ಹೊಟ್ಟೆಯೂ ತುಂಬುತ್ತದೆ.

ನಿವೃತ್ತಿಯಾದ ಮೇಲೆ ನಾನು ಉಡುಪಿಯ ಅಂಚಿನಲ್ಲಿರುವ ಒಂದು ಸರ್ಕಾರಿ ಕನ್ನಡ ಶಾಲೆಗೆ ಗಣಿತ ಹೇಳಿಕೊಡಲು ಹೋಗುತ್ತೇನೆ. ಆ ಶಾಲೆ ಮುಚ್ಚುವ ಹಂತಕ್ಕೆ ಬಂದಿತ್ತು. ಊರಿನ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಈಗ ಶಾಲೆ ತುಂಬಿದೆ. ಹೆಚ್ಚಿನವರು ಕೊಪ್ಪಳ, ಬಾಗಲಕೋಟೆಯಿಂದ ಬಂದ ಕಟ್ಟಡ ಕೆಲಸದವರ ಮಕ್ಕಳು. "ಸರ್ರ, ಇವತ್ತ ಬಸ್ಯಾ ಬಂದಿಲ್ರಿ" ಅಂತಾರೆ. ಮೊದಲ ವರ್ಷ ಅವರ ಕನ್ನಡ ಟೀಚರಿಗೆ ಅರ್ಥವಾಗುವುದಿಲ್ಲ, ಟೀಚರ ಕನ್ನಡ ಅವರಿಗೆ ಪುಸ್ತಕದ ಹಾಗೆ ಕೇಳುತ್ತದೆ. ಮೂರು ತಿಂಗಳಲ್ಲಿ ತುಳು ಕಲಿಯುತ್ತಾರೆ. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಗದಗದ ಒಬ್ಬ ಹುಡುಗಿ ಯಕ್ಷಗಾನದ ವೇಷ ಹಾಕಿದಳು. ಅವಳ ತಾಯಿ ಸೈಟಿನಿಂದ ನೇರ ಬಂದಿದ್ದರು, ಸೆರಗಿನಲ್ಲಿ ಸಿಮೆಂಟಿನ ಧೂಳು. "ಅಕ್ಕಾರ, ನಮ್ಮ ಹುಡುಗಿ ಏನಂತ ಹೇಳಾಕತ್ಯಾಳ?" ಅಂತ ಪಕ್ಕದಲ್ಲಿದ್ದ ಅಡುಗೆಯವರನ್ನು ಕೇಳುತ್ತಿದ್ದರು.

ತುಳುನಾಡಿನ ಕನ್ನಡ ಶಾಲೆಗಳ ಬಾಗಿಲು ತೆರೆದಿಟ್ಟವರಲ್ಲಿ ಈ ಮಕ್ಕಳಿದ್ದಾರೆ. ಇವರಿಂದ ಟೀಚರ ಹುದ್ದೆ ಉಳಿದಿದೆ, ಅಡುಗೆಯವರ ಕೆಲಸ ಉಳಿದಿದೆ. ಇದನ್ನು ಯಾವ ಆರ್ಥಿಕ ವರದಿಯಲ್ಲಿ ಬರೆಯುತ್ತಾರೋ, ಬರೆಯಬೇಕು.

ಒಂದು ವಿಷಯ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. 1928ರಲ್ಲಿ ಇದೇ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಿರಿಯರು ಪಿಗ್ಮಿ ಯೋಜನೆ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದ. ಬಡವನ ದುಡ್ಡೂ ದುಡ್ಡೇ ಅಂತ ದೇಶಕ್ಕೆ ತೋರಿಸಿದ ಊರು ಇದು. ಅಂಥ ಊರಿನಲ್ಲಿ ಬ್ಯಾಂಕಿನ ಕೆಲಸ ಕಲಿತ ನಾನು ಏನು ಮಾಡಿದೆ? ಸುಳ್ಯದಲ್ಲಿ ಆ ಟ್ಯಾಪಿಂಗ್ ಮಾಡುತ್ತಿದ್ದ ಹೆಂಗಸು ಒಂದು ದಿನ ಶಾಖೆಗೆ ಬಂದರು, ಖಾತೆ ತೆರೆಯಬೇಕು ಅಂತ. ಆಗ ಖಾತೆ ಇರುವ ಯಾರಾದರೂ ಪರಿಚಯದ ಸಹಿ ಹಾಕಬೇಕಿತ್ತು. ಅವರಿದ್ದ ಲೈನ್ ಮನೆಗಳಲ್ಲಿ, ಕೆಲಸದವರ ಆ ಸಾಲುಮನೆಗಳಲ್ಲಿ, ಯಾರಿಗೂ ಖಾತೆ ಇರಲಿಲ್ಲ. "ಯಾರನ್ನಾದರೂ ಕರೆದುಕೊಂಡು ಬನ್ನಿ" ಅಂತ ನಮ್ಮ ಶಾಖೆಯವರು ಕಳಿಸಿದರು. ನಾನು ಅಲ್ಲೇ ಕೂತಿದ್ದೆ. ನಾನೇ ಸಹಿ ಹಾಕಬಹುದಿತ್ತು. ಅವರ ಕೈಯ ಕೆಲಸವನ್ನು ಕಣ್ಣಾರೆ ನೋಡಿದವನು ನಾನು, ಇನ್ನೆಂಥ ಪರಿಚಯ ಬೇಕು? ಹಾಕಲಿಲ್ಲ. ಅವರು ಮತ್ತೆ ಬರಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ಅದೇ ತೊಂದರೆ ಬೇರೆ ರೂಪದಲ್ಲಿದೆ. 1996ರ ಕಾಯ್ದೆಯಿಂದಾಗಿ ಕಟ್ಟಡದ ವೆಚ್ಚದ ಮೇಲೆ ಸೆಸ್ ಕಟ್ಟಿಸಿಕೊಂಡು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಇಡುವ ವ್ಯವಸ್ಥೆ ಬಂತು. ಯಾವ ರಾಜ್ಯದವರಾದರೂ ಸರಿ, 18ರಿಂದ 60ರ ಒಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಿಕೊಳ್ಳಬಹುದು. ಕೇಳಲು ಚೆನ್ನಾಗಿದೆ. ಆದರೆ ಆ 90 ದಿನಕ್ಕೆ ಸರ್ಟಿಫಿಕೇಟ್ ಕೊಡುವವರು ಯಾರು? ಹದಿನೈದು ದಿನ ಒಬ್ಬ ಮೇಸ್ತ್ರಿ, ಇಪ್ಪತ್ತು ದಿನ ಇನ್ನೊಬ್ಬ. ಫಾರಂ ಅರ್ಥವಾಗುವುದಿಲ್ಲ. ಸೈಬರ್ ಸೆಂಟರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು.

ನಾನು ಹೇಳಿದ ಆ ಶಾಲೆಯಲ್ಲಿ ನಾವು ನಾಲ್ಕು ಜನ ನಿವೃತ್ತರು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಫಾರಂ ತುಂಬಿಸಲು ಕೂರುತ್ತೇವೆ. ಊರಿನ ಮೂವರು ಗುತ್ತಿಗೆದಾರರು ಕೆಲಸದ ದಿನಗಳಿಗೆ ಸಹಿ ಹಾಕಲು ಒಪ್ಪಿದ್ದಾರೆ. ನಮಗೆ ಬಂಗಾಳಿ ಬರುವುದಿಲ್ಲ, ಒಡಿಯಾ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ನಿಮ್ಮಲ್ಲಿ ಬರುವವರಿದ್ದರೆ ಬನ್ನಿ. ಒಂದು ಪೆನ್ನು ಇದ್ದರೆ ಸಾಕು. ಕುರ್ಚಿ, ಚಾ ನಾವು ನೋಡಿಕೊಳ್ಳುತ್ತೇವೆ.